ನೂರ ಮೂವತ್ತೆಂಟು

ಯಾನ್ಬು
ಸೌದಿ ಅರೇಬಿಯಾ
3 ಅಕ್ಟೋಬರ್ 2015

ಹಿಬಾ ಮಹಮ್ಮದ್ ಕುಂಞಿ ಅವರಿಗೆ,

ವಾಟ್ಸಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಇಂದಿಗೆ ಐವತ್ತೊಂದು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಕಾಗದ. ನಿನ್ನ ಅಪ್ಪನ ಖರ್ಜೂರದ ಲಾರಿ ಹದಿನೈದು ದಿನಕ್ಕೊಮ್ಮೆ ಉನೈಜಾದಿಂದ ಇಲ್ಲಿನ ಮಾರ್ಕೆಟ್ಟಿಗೆ ಬರುತ್ತದಲ್ಲ, ಡ್ರೈವರ್ ಖಲೀಲುರ್ರಹ್ಮಾನ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಆರುನೂರು ಕಿಲೋಮೀಟರ್ ಹೊತ್ತು ತಂದವನ ಮುಖ ನೋಡಿಯಾದರೂ ಓದು. ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಊರಿನ ಹಾಸ್ಟೆಲಿನಲ್ಲಿ ಆರು ವರ್ಷ ಎಲ್ಲದಕ್ಕೂ ಇಂಗ್ಲಿಷ್, ಜಗಳಕ್ಕೆ ಮಾತ್ರ ಕನ್ನಡ. ನನ್ನ ಕೊಂಕಣಿ ನಿನಗೆ ಬಾರದು, ನಿನ್ನ ಬ್ಯಾರಿ ನನಗೆ ಬಾರದು. ಇದು ಜಗಳದ ಕಾಗದ.

ನನ್ನ ತಪ್ಪನ್ನು ಮೊದಲು ನಾನೇ ಹೇಳಿಬಿಡುತ್ತೇನೆ, ನಿನಗೆ ಆ ಖುಷಿ ಬೇಡ. ದಿನಕ್ಕೆ ಎರಡು ಸಲ ಬೆರಳು ಚುಚ್ಚಿ, ಮೀಟರಿನಲ್ಲಿ ಬಂದ ಶುಗರನ್ನು ವಾರ್ಡನ್ ಕೊಟ್ಟ ನೀಲಿ ಪುಸ್ತಕದಲ್ಲಿ ಬರೆಯಬೇಕಿತ್ತು. ನೀನು ಚುಚ್ಚಲಿಲ್ಲ. ಒಂಬತ್ತನೆಯ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಆ ಪುಸ್ತಕವನ್ನು ಬರೆದವಳು ನಾನು. ಮನಸ್ಸಿಗೆ ಬಂದ ನಂಬರ್ ಬರೆದೆ. ಆಗಸ್ಟಿನಲ್ಲಿ ನೀನು ಆಸ್ಪತ್ರೆ ಸೇರಿದಾಗ, ಎರಡೂ ಕಿಡ್ನಿ ಕೈಕೊಟ್ಟಿವೆ ಎಂದಾದ ಮೇಲೆ, ನಿನ್ನ ಉಮ್ಮ ನನಗೆ ಫೋನ್ ಮಾಡಿ, "ಹಾಸ್ಟೆಲಿನ ಪುಸ್ತಕ ಜೋಪಾನವಾಗಿ ಇಟ್ಟಿದ್ದೇನೆ ಮಗಳೇ, ಇವತ್ತು ಡಾಕ್ಟರಿಗೆ ತೋರಿಸ್ತೇನೆ" ಎಂದರು. ಆ ನಂಬರುಗಳನ್ನು ನಂಬಿ ಡಾಕ್ಟರ್ ಇನ್ಸುಲಿನ್ ಲೆಕ್ಕ ಹಾಕಿದ್ದರೆ? ನಾನು ಅವರಿಗೆ ನಿಜ ಹೇಳಿದೆ. ಹೇಳದೆ ಎಂತ ಮಾಡಬೇಕಿತ್ತು? ಮರುದಿನ ನೀನು ಬ್ಲಾಕ್.

ಇರಲಿ. ಕೋಪ ಮಾಡು. ಆದರೆ ಮೊನ್ನೆ ನಿನ್ನ ಉಮ್ಮ ಮತ್ತೆ ಫೋನ್ ಮಾಡಿದ್ದರು. ತನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ಹೇಳುವಾಗ ನಕ್ಕರು, ಆಮೇಲೆ ಅತ್ತರು. ಮಂಗಳೂರಿನ ಡಾಕ್ಟರರು ಆಪರೇಷನ್‌ಗೆ ತಯಾರು, ಆದರೆ ಮೊದಲು ಮೂರು ತಿಂಗಳು, ದಿನಕ್ಕೆ ನಾಲ್ಕು ಸಲದ ಶುಗರ್ ಬರೆದ ಪುಸ್ತಕ ಬೇಕು, ಅದಿಲ್ಲದೆ ತಾರೀಕು ಕೊಡುವುದಿಲ್ಲ ಎಂದಿದ್ದಾರಂತೆ. ನೀನು ಬೆರಳೇ ಕೊಡುವುದಿಲ್ಲವಂತೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನರ್ಸ್ ಚುಚ್ಚಿದ್ದಷ್ಟೇ, ಉಳಿದ ನಾಲ್ಕು ದಿನ ಖಾಲಿ. ನನ್ನ ಮೇಲಿನ ಕೋಪಕ್ಕೆ ನೀನು ಸಾಯುವುದಾ? ಇಷ್ಟು ದೊಡ್ಡ ಮರ್ಯಾದೆ ನನಗೆ ಬೇಡ ಮಾರಾಯ್ತಿ.

ಮಂಗಳವಾರ ನಿನಗೆ ಹತ್ತೊಂಬತ್ತು. ಈ ಡಬ್ಬಿಯಲ್ಲಿ ಕೇಕ್ ಉಂಟು. ನಾನೀಗ ಬಿ.ಎಸ್ಸಿ. ನ್ಯೂಟ್ರಿಶನ್, ಮೊದಲ ವರ್ಷ, ಪುಸ್ತಕ ಪೋಸ್ಟಿನಲ್ಲಿ ಬರುವ ಕಾಲೇಜು. "ಡಯಾಬಿಟಿಕ್ ಡಯಟ್" ಅಧ್ಯಾಯವನ್ನು ಎರಡು ಸಲ ಓದಿ ಮಾಡಿದ್ದೇನೆ. ಸಕ್ಕರೆ ಒಂದು ಚಮಚವೂ ಇಲ್ಲ. ಮೈದಾ ಇಲ್ಲ, ಗೋಧಿ ಹಿಟ್ಟು. ಸಿಹಿಗೆ ನಿಮ್ಮೂರಿನದೇ ಸುಕ್ಕರಿ ಖರ್ಜೂರ ಇಪ್ಪತ್ತೆರಡು, ನೆನೆಸಿ ಅರೆದದ್ದು, ಮತ್ತೆ ಎರಡು ಬಾಳೆಹಣ್ಣು. ಕ್ವಾರ್ಟರ್ಸಿನ ಆಂಟಿಯರೆಲ್ಲ "ನ್ಯಾಚುರಲ್ ಶುಗರ್ ಅಲ್ವಾ, ಎಂತದೂ ಆಗುದಿಲ್ಲ" ಎಂದರು. ಆದರೂ ನನಗೆ ಹೆದರಿಕೆ ಉಂಟು. ನನಗೆ ಯಾವಾಗ ಇರಲಿಲ್ಲ ಹೇಳು.

ತಿನ್ನು. ಆಮೇಲೆ ಬೈ.

ಕೋಪದಲ್ಲಿ, ಆದರೂ ಹ್ಯಾಪಿ ಬರ್ತ್‌ಡೇ,
ಹ್ಯಾಝೆಲ್
(ಹಾಸ್ಟೆಲಿನ ಬೆಡ್ ನಂಬರ್ 14)


ಉನೈಜಾ
16 ಅಕ್ಟೋಬರ್ 2015

ಹ್ಯಾಝೆಲ್,

ಖರ್ಜೂರ. ಬಾಳೆಹಣ್ಣು. ಗೋಧಿ. ಮೇಲಿನಿಂದ ಒಂದು ಎಳನೀರನ್ನೂ ಹೊಯ್ದಿದ್ದರೆ ನನ್ನ ಕತೆ ಮುಗಿಸಿದ ಪುಣ್ಯ ನಿನಗೆ ಪೂರ್ತಿ ಸಿಗುತ್ತಿತ್ತು.

ನಿನ್ನ ಮೊದಲ ವರ್ಷದ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ, ಬರೆದುಕೋ. ಕಿಡ್ನಿ ಹೋದವರ ಮೈಯಿಂದ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿಯೇ ನಿಲ್ಲುತ್ತದೆ. ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಆಸ್ಪತ್ರೆಯವರು ಕೊಟ್ಟ "ಮುಟ್ಟಬಾರದ್ದು" ಲಿಸ್ಟಿನಲ್ಲಿ ಮೊದಲನೆಯದು ಖರ್ಜೂರ, ಎರಡನೆಯದು ಬಾಳೆಹಣ್ಣು, ಕೆಳಗೆ ಗೋಧಿಯೂ ಉಂಟು. ಅಂಗಡಿ ತುಂಬ ಖರ್ಜೂರ ಇಟ್ಟುಕೊಂಡವನ ಮಗಳು ನಾನು. ಬಟ್ಟೆಯಿಂದ ಹಿಡಿದು ಉಪ್ಪನ ಗಡ್ಡದವರೆಗೆ ಎಲ್ಲದಕ್ಕೂ ಅದರದೇ ವಾಸನೆ, ನಾಲಿಗೆಗೆ ಮಾತ್ರ ಒಂದು ಸಿಪ್ಪೆಯೂ ಹರಾಂ. ಅದನ್ನೇ ನೀನು ಅರೆದು, ರಿಬ್ಬನ್ ಕಟ್ಟಿ ಕಳಿಸಿದ್ದೀ.

ಕೇಕನ್ನು ನನ್ನ ತಮ್ಮ ಫಾರೂಕನೂ ಖಲೀಲುರ್ರಹ್ಮಾನನೂ ತಿಂದರು. ನನ್ನೆದುರೇ. ಖಲೀಲ್ ಮೂರನೆಯ ತುಂಡಿಗೆ ಕೈ ಹಾಕಿ, "ಭಾರೀ ಲಾಯ್ಕುಂಟು, ಆ ಹುಡುಗಿಗೆ ಒಂದು ಬೇಕರಿ ಹಾಕಿ ಕೊಡ್ಬಹುದು" ಎಂದ. ಬರ್ತ್‌ಡೇ ದಿನ ನಾನು ಬುರೈದಾದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿದ್ದೆ, ತೋಳಿನಲ್ಲಿ ಎರಡು ಸೂಜಿ. ಪಕ್ಕದ ಕುರ್ಚಿಯ ಸೌದಿ ಅಜ್ಜಿ ಗೊತ್ತಾಗಿ ನನಗೆ ಮೂರು ಐಸ್ ತುಂಡು ಕೊಟ್ಟಳು. ನಮಗೆಲ್ಲ ಕುಡಿಯುವ ನೀರೂ ಅಳತೆಯಲ್ಲೇ, ಅವಳ ಆ ದಿನದ ನೀರಿನ ಪಾಲು ಅದು. ಅದು ಗಿಫ್ಟು.

ಇನ್ನು ನೀನು ಹೇಳಿದ "ನಿಜ"ದ ವಿಷಯ. ನಿಮ್ಮಲ್ಲಿ ಪಾದ್ರಿಯ ಕಿವಿಯಲ್ಲಿ ಪಾಪ ಹೇಳಿಕೊಂಡರೆ ಮುಗಿಯಿತಂತೆ. ಈ ದೇಶದಲ್ಲಿ ಪಾದ್ರಿ ಸಿಗಲಿಲ್ಲ ಎಂದು ನನ್ನ ಉಮ್ಮನ ಕಿವಿಯೇ ಬೇಕಾಯಿತಾ? ಡಾಕ್ಟರಿಗೆ ಹೇಳಲೇಬೇಕಿತ್ತು, ಒಪ್ಪಿದೆ. ನಾನು ಆಸ್ಪತ್ರೆಯ ಮಂಚದಲ್ಲಿದ್ದೆ, ಸತ್ತಿರಲಿಲ್ಲ. ಮೊದಲು ನನಗೆ ಒಂದು ಮೆಸೇಜ್ ಹಾಕಲಿಕ್ಕೆ ಎಷ್ಟು ಹೊತ್ತು ಬೇಕು? "ಹಿಬಾ, ನಾನು ಹೇಳುತ್ತೇನೆ." ಮೂರು ಶಬ್ದ. ಉಮ್ಮನಿಗೆ ನಾನೇ ಹೇಳುತ್ತಿದ್ದೆ. ನೀನು ಹೇಳಿ ಹಗುರಾದೆ. ಅದರ ಭಾರ ಈಗ ನಮ್ಮ ಮನೆಯಲ್ಲಿ ಉಂಟು.

ಮೊದಲೆಲ್ಲ ಉಮ್ಮ ಅಡುಗೆಮನೆಯಿಂದಲೇ "ಎಷ್ಟು ಬಂತು ಮಗಳೇ?" ಎಂದು ಕೇಳುತ್ತಿದ್ದಳು. ನಾನು ಹೇಳಿದರೆ ಆಯಿತು. ಈಗ ಮೀಟರ್ ಅವಳ ಕಪಾಟಿನಲ್ಲಿ. ನನ್ನ ಬೆರಳನ್ನು ತಾನೇ ಹಿಡಿದು, ತಾನೇ ಚುಚ್ಚಿ, ಕನ್ನಡಕ ಹಾಕಿ ತಾನೇ ಓದುತ್ತಾಳೆ. ಕಳ್ಳಿಯ ಕೈ ಹಿಡಿಯುವ ಹಾಗೆ. ಅದಕ್ಕೇ ನಾನು ಬೆರಳು ಕೊಡುವುದಿಲ್ಲ. ನಿನ್ನ ಮೇಲಿನ ಕೋಪಕ್ಕೆ ಅಲ್ಲ, ಅಷ್ಟು ದೊಡ್ಡವಳಾಗಬೇಡ.

ಮತ್ತೆ ಕೇಕ್ ಕಳಿಸಬೇಡ.

ಹಿಬಾ


ಯಾನ್ಬು
17 ಅಕ್ಟೋಬರ್ 2015

ಹಿಬಾ,

ಲಾರಿ ನಾಳೆ ಬೆಳಿಗ್ಗೆ ಹೊರಡುತ್ತದೆ. ನಿನ್ನ ಕಾಗದ ಓದಿದ ಕೂಡಲೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗೆ ಬಂದದ್ದಕ್ಕೆ ಸಾರಿ. ಅಕ್ಷರಕ್ಕೆ ಮಾತ್ರ ಸಾರಿ.

ಪೊಟ್ಯಾಸಿಯಂ ನನಗೆ ಗೊತ್ತಿರಲಿಲ್ಲ. ಅದು ಎರಡನೆಯ ವರ್ಷದ ಪುಸ್ತಕದಲ್ಲಿ ಉಂಟಂತೆ. ಆದರೆ ಭಾರ, ಹಗುರ ಎಂದು ದೊಡ್ಡ ಮಾತಾಡಬೇಡ. ಆ ಪುಸ್ತಕದ ಭಾರವನ್ನು ನಾಲ್ಕು ವರ್ಷ ಹೊತ್ತವಳು ಯಾರು? ಮೊದಲನೆಯ ದಿನ ನೆನಪುಂಟಾ? ಥ್ರೋಬಾಲ್ ಮ್ಯಾಚ್ ಇತ್ತು. ನೀನು ಬೆರಳ ತುದಿ ತೋರಿಸಿ, "ನೋಡು, ತೂತು ಬಿದ್ದ ಜರಡಿ. ಬಾಲ್ ಹಿಡಿಯಲಿಕ್ಕೆ ಆಗುವುದಿಲ್ಲ. ಇವತ್ತೊಂದು ದಿನ ನೀನೇ ಬರಿ" ಎಂದೆ.

"ಎಷ್ಟು ಬರೆಯುವುದು?"

"ಎಂತಾದರೂ ಬರಿ. ವಾರ್ಡನ್‌ಗೆ ಬೊಬ್ಬೆ ಹಾಕಲಿಕ್ಕೆ ಕಾರಣ ಸಿಗದಂತದ್ದು."

ನಾನು 138 ಬರೆದೆ. ಯಾಕೆ 138 ಎಂದು ಇವತ್ತಿಗೂ ಗೊತ್ತಿಲ್ಲ. ತೀರಾ ಚಂದವೂ ಅಲ್ಲ, ಹಾಳೂ ಅಲ್ಲ, ನಿಜದ ಹಾಗೆ ಕಾಣುವ ನಂಬರು. ಒಂದು ದಿನ ಎಂದದ್ದು ವಾರವಾಯಿತು, ವಾರ ನಾಲ್ಕು ವರ್ಷವಾಯಿತು. 126, 142, 131, ಮತ್ತೆ 138. ಒಂದೇ ಪೆನ್ನಿನಲ್ಲಿ ಬರೆದರೆ ಸಂಶಯ ಬರುತ್ತದೆ ಎಂದು ಮೂರು ಪೆನ್ನು ಇಟ್ಟುಕೊಂಡಿದ್ದೆ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಆ ಡಾಕ್ಟರ್ ಪುಟ ತಿರುಗಿಸಿ ಏನು ಹೇಳುತ್ತಿದ್ದರು? "ವೆರಿ ನೀಟ್ ಹ್ಯಾಂಡ್‌ರೈಟಿಂಗ್." ನೀನು ಬಾತ್‌ರೂಮಿಗೆ ಓಡಿಹೋಗಿ ನಗುತ್ತಿದ್ದೆ. ಪ್ರತೀ ಸಲ. ನೀನು ನಕ್ಕೆ ಹಿಬಾ, ನಾನು ವಾಂತಿ ಮಾಡಿದೆ. ಈಗ ನಾನು ಹಗುರಾದೆನಂತೆ!

ನಿನ್ನ ಉಮ್ಮ ಕೈ ಹಿಡಿದರೆ ನಿನಗೆ ಅವಮಾನ. ನಾಲ್ಕು ವರ್ಷ ಸುಳ್ಳು ನೋಡಿ "ಅಲ್ಹಮ್ದುಲಿಲ್ಲಾ" ಎಂದವರು ಅವರು. ಅವರಿಗೆ ಆಗಿದ್ದು ಎಂತದು, ಸನ್ಮಾನವಾ?

ಇದರ ಜೊತೆ ಇನ್ನೊಂದು ಕೇಕ್ ಉಂಟು. ಬೇಡ ಎಂದದ್ದು ಓದಿದ್ದೇನೆ. ಖರ್ಜೂರ ಇಲ್ಲ, ಬಾಳೆಹಣ್ಣು ಇಲ್ಲ, ಗೋಧಿ ಇಲ್ಲ. ಬಾದಾಮಿ ಹಿಟ್ಟು, ಬೇಕಿಂಗ್ ಪೌಡರ್, ಡಯಾಬಿಟಿಸ್‌ನವರ ಸಿಹಿ ಪುಡಿ. ಈ ಸಲ ನೀನು ತಿನ್ನಲೇಬೇಕು. ತಿಂದು, ಚುಚ್ಚಿ, ನಂಬರ್ ಬರಿ.

ಹ್ಯಾಝೆಲ್


ಉನೈಜಾ
30 ಅಕ್ಟೋಬರ್ 2015

ಬಾದಾಮಿಯಲ್ಲಿ ಪೊಟ್ಯಾಸಿಯಂ ಉಂಟು. ಫಾಸ್ಫರಸ್ ಕೂಡ ಉಂಟು, ಅದೂ ನನಗೆ ಆಗದು. ಬೇಕಿಂಗ್ ಪೌಡರಿನಲ್ಲಿಯೂ ಫಾಸ್ಫರಸ್. ಡಬ್ಬಿಯನ್ನು ತೆರೆಯದೆ ವಾಪಸು ಕಳಿಸಿದ್ದೇನೆ.

ನಾಲ್ಕು ವರ್ಷ ಊಹಿಸಿ ಬರೆದೆ. ಈಗ ಊಹಿಸಿ ಬೇಯಿಸುತ್ತಿದ್ದೀ. ಒಮ್ಮೆಯಾದರೂ "ಎಷ್ಟು?" ಎಂದು ನನ್ನನ್ನು ಕೇಳಿದ್ದೀಯಾ?

ಹಿ.


ಯಾನ್ಬು
14 ನವೆಂಬರ್ 2015

ಹಿಬಾ,

ಇಲ್ಲ. ಕೇಳಲಿಲ್ಲ. ಆ ಒಂದು ಸಾಲನ್ನು ಹದಿನೈದು ದಿನದಿಂದ ದಿನಾ ತೆಗೆದು ಓದುತ್ತಿದ್ದೇನೆ.

ನನಗೆ ಎಲ್ಲರ ಮೇಲೂ ಕೋಪ ಬರುತ್ತಿದೆ. ಎರಡನೆಯ ವರ್ಷದ ಪುಸ್ತಕವನ್ನು ಎರಡನೆಯ ವರ್ಷದಲ್ಲಿಯೇ ಕಳಿಸುವ ಕಾಲೇಜಿನ ಮೇಲೆ, "ನ್ಯಾಚುರಲ್ ಶುಗರ್" ಆಂಟಿಯರ ಮೇಲೆ. ಅಡುಗೆಮನೆಗೆ ಒಂದು ತಕ್ಕಡಿ ಬೇಕೆಂದರೆ ಇಪ್ಪತ್ತು ವರ್ಷದ ಗಲ್ಫ್ ಮನೆಯಲ್ಲಿ ಇರುವುದು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಮಾತ್ರ, ಮೂವತ್ತು ಕೆ.ಜಿ.ಯಿಂದ ಕೆಳಗೆ ಅದಕ್ಕೆ ಬುದ್ಧಿಯೇ ಓಡುವುದಿಲ್ಲ. ಆ ಮೊದಲ ಕೇಕನ್ನು ನೀನು ತಿಂದಿದ್ದರೆ? ಒಂದು ತುಂಡು, ನನ್ನ ಮೇಲಿನ ಪ್ರೀತಿಗೆ ತಿಂದಿದ್ದರೆ? ನೀನು ಕೋಪದಲ್ಲಿದ್ದೆ, ಅದಕ್ಕೇ ಬದುಕಿದೆ. ಇದನ್ನು ಯೋಚಿಸಿದರೆ ಊಟ ಇಳಿಯುವುದಿಲ್ಲ.

ಬೇಕಿಂಗ್ ಪೌಡರ್ ಇಲ್ಲದೆ ಏಳು ಸಲ ಮಾಡಿದೆ. ಏಳೂ ಹಂಚಿನ ಹಾಗೆ. ಮೊನ್ನೆ ಪಪ್ಪಾ ಪ್ಲಾಂಟಿನ ಶಟ್‌ಡೌನ್ ಡ್ಯೂಟಿ ಮುಗಿಸಿ ಬಂದು, ಹೆಲ್ಮೆಟ್ ಕೂಡ ತೆಗೆಯದೆ ಟೇಬಲಿನ ಎದುರು ನಿಂತರು.

"ಇದು ಎಂತ ಮಗಾ?"

"ಕೇಕ್, ಪಪ್ಪಾ."

"ಹೌದಾ? ನಮಗೆ ಪೈಪಿನ ನಡುವೆ ಇಡುವ ಗ್ಯಾಸ್ಕೆಟ್ ಬಿಲ್ಲೆ ಶಾರ್ಟೇಜ್ ಉಂಟು. ನಾಲ್ಕು ಕೊಟ್ಟು ಕಳಿಸು."

ನಾನು ಕಿರುಚಿದೆ. ಯಾರೋ ಸಾಯುತ್ತಿರುವಾಗ ನಿಮಗೆ ಜೋಕಾ ಎಂದೆ. "ಸಾಯುತ್ತಿರುವಾಗ" ಎಂಬ ಶಬ್ದ ಬಾಯಿಂದ ಬಂದೇ ಹೋಯಿತು. ಅಲ್ಲಿಯವರೆಗೆ ಅದನ್ನು ಯಾರೂ ಹೇಳಿರಲಿಲ್ಲ. ಪಪ್ಪಾ ಹೆಲ್ಮೆಟ್ ತೆಗೆದು ಕೂತರು. ಮಮ್ಮಿ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನನ್ನ ಅಜ್ಜಿ ಬೇಕಿಂಗ್ ಪೌಡರಿನ ಮುಖ ನೋಡಿದವಳಾ? ಮೊಟ್ಟೆಯ ಬಿಳಿ ಹೊಡೆದು ಹೊಡೆದೇ ಕೇಕ್ ಎಬ್ಬಿಸ್ತಿದ್ದಳು. ಪಾತ್ರೆ ಬೋರಲು ಹಾಕಿದ್ರೂ ಬೀಳಬಾರ್ದು, ಅಷ್ಟು. ನಿಂಗೆ ಬಾಯಿಯಲ್ಲಿ ಬಲ, ಕೈಯಲ್ಲಿಲ್ಲ."

ಈಗ ಕೈಯಿಂದಲೇ ಹೊಡೆಯುತ್ತಿದ್ದೇನೆ. ನಲವತ್ತು ನಿಮಿಷ. ಬಿಳಿ ಗಟ್ಟಿ ನಿಲ್ಲಲಿಕ್ಕೆ ಒಂದು ಪುಡಿ ಹಾಕುತ್ತಾರೆಂದು ಪಕ್ಕದ ಮನೆಯವರು ಡಬ್ಬಿ ಕೊಟ್ಟರು. ಹಿಂದೆ ತಿರುಗಿಸಿ ಓದಿದರೆ ಅದೂ ಪೊಟ್ಯಾಸಿಯಮ್ಮೇ. ಡಬ್ಬಿಯನ್ನು ವಾಪಸು ಕೊಟ್ಟು ನಿಂಬೆಹುಳಿ ನಾಲ್ಕು ಹನಿ ಹಾಕಿದೆ. ಮೊನ್ನೆಯದು ಎದ್ದಿತು. ಒಂದು ಬೆರಳಿನಷ್ಟು ಎತ್ತರ.

ಆದರೆ ಕಳಿಸುವುದಿಲ್ಲ. ನಾನು ಇನ್ನು ಊಹಿಸುವುದಿಲ್ಲ. ಬೇರೆ ಹಾಳೆಯಲ್ಲಿ ಪ್ರಶ್ನೆ ಬರೆದಿದ್ದೇನೆ. ಮೊಟ್ಟೆಯ ಬಿಳಿ ಆಗುತ್ತದಾ? ಮೈದಾ ಎಷ್ಟು ಗ್ರಾಂ? ಯಾವ ಸಿಹಿ? ನಿಂಬೆ ಎಷ್ಟು ಹನಿ? ಡಯಾಲಿಸಿಸ್‌ನ ದಿನವಾ, ಬೇರೆ ದಿನವಾ? ಪ್ರತಿಯೊಂದರ ಮುಂದೆ ಜಾಗ ಬಿಟ್ಟಿದ್ದೇನೆ. ನಂಬರ್ ನೀನು ಬರಿ.

ಕಾಯುತ್ತೇನೆ. ನನಗೆ ಕಾಯಲಿಕ್ಕೆ ಬರುವುದಿಲ್ಲ ಎಂದು ನಿನಗೆ ಗೊತ್ತು.

ಹ್ಯಾಝೆಲ್


ಉನೈಜಾ
11-12-2015

ಮಗಳು ಹ್ಯಾಝೆಲ್‌ಗೆ,

ಹಿಬಾಳ ಉಮ್ಮ ಬರೆಯುವುದು. ಏಳನೆಯ ಕ್ಲಾಸಿನ ಕನ್ನಡ, ತಪ್ಪು ಇದ್ದರೆ ನೋಡಬೇಡ.

ನಿನ್ನ ಕಾಗದವನ್ನು ಅವಳು ಹರಿಯಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ಪ್ರಶ್ನೆ ಇದ್ದ ಹಾಳೆಯನ್ನು ಮಾತ್ರ ಫ್ರಿಜ್ಜಿನ ಮೇಲೆ ಇಟ್ಟಳು, ನನಗೆ ಕಾಣುವ ಹಾಗೆ. ಎರಡು ವಾರ ಅಲ್ಲಿಯೇ ಇತ್ತು. ಕೊನೆಗೆ ನಾನು ಆಸ್ಪತ್ರೆಗೆ ಕೊಂಡುಹೋಗಿ ಊಟದ ಚಾರ್ಟ್ ಮಾಡುವ ಫಿಲಿಪೈನ್ಸಿನ ಹುಡುಗಿಗೆ ಕೊಟ್ಟೆ. ಅವಳು ಎಲ್ಲದಕ್ಕೂ ನಂಬರ್ ಬರೆದುಕೊಟ್ಟಿದ್ದಾಳೆ, ಇದರ ಒಳಗೆ ಉಂಟು. ಮೈದಾ ಆಗುತ್ತದಂತೆ. ನಾವು ಇಷ್ಟು ದಿನ ವಿಷ ಎಂದು ದೂರ ಇಟ್ಟದ್ದು ಇವಳಿಗೆ ಆಗುತ್ತದಂತೆ, ಆದರೆ ತೂಕ ಮಾಡಿ.

ನಿನ್ನ ಮೇಲೆ ನನಗೆ ಕೋಪ ಇಲ್ಲ ಎಂದು ಫೋನಿನಲ್ಲಿ ಹೇಳಿದ್ದೆ. ಸುಳ್ಳು. ಉಂಟು. ರಜೆಯಲ್ಲಿ ಊರಿನ ಮನೆಗೆ ಬಂದು ನನ್ನ ಕೈಯ ಪತ್ತಿರಿ ರೊಟ್ಟಿ ತಿಂದು ಹೋದವಳು ನೀನು. ಒಮ್ಮೆ ನನ್ನ ಕಿವಿಯಲ್ಲಿ ಹೇಳಬಹುದಿತ್ತು. ಡಾಕ್ಟರ್ ಹೇಳಿದರು, ಆ ಪುಸ್ತಕ ಒಂದರಿಂದಲೇ ಕಿಡ್ನಿ ಹೋದದ್ದಲ್ಲ, ಆದರೆ ಸರಿ ಬರೆದಿದ್ದರೆ ಬೇಗ ಗೊತ್ತಾಗುತ್ತಿತ್ತು ಎಂದು. "ಬೇಗ" ಎಂದರೆ ಎಷ್ಟು ಬೇಗ ಎಂದು ನಾನು ಕೇಳಲಿಲ್ಲ. ಕೇಳಿದರೆ ನಿನ್ನನ್ನು ಕ್ಷಮಿಸಲು ಆಗುವುದಿಲ್ಲ.

ಮಂಗಳೂರಿನಿಂದ ಮತ್ತೆ ಫೋನ್ ಬಂದಿತ್ತು, "ಪುಸ್ತಕ ಶುರುವಾಯಿತಾ?" ಎಂದು. ನಾನು ಏನು ಹೇಳಲಿ? ನನ್ನ ಹೊಟ್ಟೆಯೊಳಗಿನದ್ದನ್ನು ಕೊಡಲಿಕ್ಕೆ ನಾನು ತಯಾರಿದ್ದೇನೆ, ಅವಳು ಬೆರಳಿನ ತುದಿ ಕೊಡುವುದಿಲ್ಲ. ಯಾಕೆ ಎಂದು ನಿನಗೆ ಹೇಳಿದ್ದಾಳಾ? ಗೊತ್ತಿದ್ದರೆ ಬರಿ ಮಗಳೇ.

ಜಮೀಲಮ್ಮ


ಯಾನ್ಬು
9 ಜನವರಿ 2016

ಹಿಬಾ,

ನಿನ್ನ ಉಮ್ಮ ನನಗೆ ಕಾಗದ ಬರೆದಿದ್ದಾರೆ. ನೀನು ಯಾಕೆ ಬೆರಳು ಕೊಡುವುದಿಲ್ಲ ಎಂದು ಕೇಳಿದ್ದಾರೆ. ನನಗೆ ಗೊತ್ತುಂಟು, ನೀನೇ ಅಕ್ಟೋಬರಿನಲ್ಲಿ ಬರೆದಿದ್ದೆ. ಒಂದು ಫೋನ್ ಮಾಡಿದರೆ ಮುಗಿಯುತ್ತಿತ್ತು. ನಾಲ್ಕು ವಾರ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೇನೆ, ಉಗುರು ಒಂದೂ ಉಳಿದಿಲ್ಲ. ಹೇಳಲಿಲ್ಲ.

ಈ ಸಲ ಮೊದಲು ನಿನಗೆ. ಇದರೊಳಗೆ ನಿನ್ನ ಉಮ್ಮನ ಹೆಸರಿನ ಇನ್ನೊಂದು ಕವರ್ ಉಂಟು, ಅಂಟಿಸಿಲ್ಲ. ಎರಡೇ ಸಾಲು: "ಮೀಟರ್ ಅವಳ ಕೈಗೆ ಕೊಡಿ. ಅವಳು ಹೇಳಿದ್ದನ್ನು ನೋಡದೆ ನಂಬಿ." ಓದು. ಬೇಕಾದರೆ ಕೊಡು, ಬೇಡವಾದರೆ ಹರಿ. ನಾನು ಕೇಳುವುದಿಲ್ಲ.

ಇನ್ನೊಂದು ಉಂಟು. ಇದನ್ನು ಯಾರಿಗೂ ಹೇಳಿಲ್ಲ. ಮೂರು ಸಲ 250 ದಾಟಿದರೆ ವಾರ್ಡನ್ ನಿನ್ನನ್ನು ಮನೆಗೆ ಕಳಿಸುತ್ತೇನೆ ಎಂದಿದ್ದರು. ನೀನು ಅದಕ್ಕೆ ಹೆದರಿ ನನ್ನ ಹತ್ತಿರ ಬರೆಸಿದೆ ಎಂದು ಎಲ್ಲರೂ ತಿಳಿದಿದ್ದಾರೆ, ನೀನೂ. ಹತ್ತನೆಯ ಕ್ಲಾಸಿನ ರಂಜಾನ್ ರಜೆಯ ನಂತರ ನೀನು, "ಸಾಕು ಹ್ಯಾಝೆಲ್, ಇನ್ನು ನಾನೇ ಬರೆಯುತ್ತೇನೆ" ಎಂದು ಪುಸ್ತಕ ಕೇಳಿದ್ದೆ. ಎರಡು ದಿನ ಚುಚ್ಚಿದೆ ಕೂಡ. 290, 311. ನಾನು ಪುಸ್ತಕ ಕೊಡಲಿಲ್ಲ. "ನಿಂಗೆ ಯಾಕೆ ಪಿರಿಪಿರಿ, ನಾನು ಬರೀತೇನೆ" ಎಂದೆ. ನೀನು ಹೋದರೆ ಹದಿನೈದನೆಯ ನಂಬರ್ ಬೆಡ್ ಖಾಲಿ. ಆ ಹಾಸ್ಟೆಲಿನಲ್ಲಿ ನೀನಿಲ್ಲದೆ ನನಗೆ ಒಂದು ದಿನವೂ ಇರಲಿಕ್ಕೆ ಆಗುತ್ತಿರಲಿಲ್ಲ. ನಿನಗಾಗಿ ಬರೆದದ್ದಲ್ಲ ಹಿಬಾ. ಅಲ್ಲಿಂದ ಮುಂದಿನದ್ದೆಲ್ಲ ನನಗಾಗಿ ಬರೆದದ್ದು. ನನ್ನ ಕೋಪ ಇಷ್ಟು ಜೋರಿರುವುದು ಅದಕ್ಕೇ. ನಿನ್ನ ಮೇಲೆ ಎಂದು ನಾನು ತಿಳಿದಿದ್ದೆ.

ಡಬ್ಬಿಯಲ್ಲಿ ಕೇಕ್ ಉಂಟು. ಮೊಟ್ಟೆಯ ಬಿಳಿ ಮೂರು, ಮೈದಾ ಮೂವತ್ತೈದು ಗ್ರಾಂ, ಉಪ್ಪಿಲ್ಲದ ಬೆಣ್ಣೆ ಹತ್ತು ಗ್ರಾಂ, ಆ ಫಿಲಿಪೈನ್ಸಿನವಳು ಹೆಸರು ಬರೆದುಕೊಟ್ಟ ಸಿಹಿ ಪುಡಿ, ನಿಂಬೆ ನಾಲ್ಕು ಹನಿ. ಅವಳು ಹೇಳಿದ ಅಳತೆಗಿಂತ ಒಂದು ಹನಿಯೂ ಹೆಚ್ಚಿಲ್ಲ. ಪಪ್ಪಾ ಹೊಸ ತಕ್ಕಡಿ ತಂದು ಟೇಬಲಿನ ಮೇಲೆ ಇಟ್ಟಿದ್ದರು. ಒಂದು ತುಂಡು ನಲವತ್ತು ಗ್ರಾಂ, ಡಯಾಲಿಸಿಸ್ ಇಲ್ಲದ ದಿನ, ಒಂದೇ. ಮೂರು ತುಂಡು ಮಾಡಿ ಬೇರೆ ಬೇರೆ ಸುತ್ತಿದ್ದೇನೆ, ಉಳಿದದ್ದು ಫ್ರೀಜರಿನಲ್ಲಿಡು.

ಅಡಿಯಲ್ಲಿ ಒಂದು ನೀಲಿ ಪುಸ್ತಕ ಉಂಟು. ಖಾಲಿ. ಹೆಸರನ್ನು ಕೂಡ ನಾನು ಬರೆದಿಲ್ಲ.

ಹ್ಯಾಝೆಲ್


ಉನೈಜಾ
22 ಜನವರಿ 2016

ಬೆಡ್ ನಂಬರ್ 14ಕ್ಕೆ,

ಕೇಕ್ ಚೆನ್ನಾಗಿಲ್ಲ. ಪಾತ್ರೆ ತೊಳೆಯುವ ಸ್ಪಂಜಿಗೆ ನಿಂಬೆ ಹಿಂಡಿದ ಹಾಗೆ ಉಂಟು. ಖಲೀಲ್ ವಾಸನೆ ನೋಡಿ, "ಬೇಕರಿ ಬೇಡ, ಪಾಪ, ಅವಳು ಓದಲಿ" ಎಂದ. ಫಾರೂಕ್ ಕೇಳಲೂ ಇಲ್ಲ. ಹಾಗಾಗಿ ಪೂರ್ತಿ ನನ್ನದೇ ಆಯಿತು. ಇಷ್ಟು ವರ್ಷದಲ್ಲಿ ಯಾರಿಗೂ ಪಾಲು ಕೊಡಬೇಕಾಗಿಲ್ಲದ ಮೊದಲ ಕೇಕ್.

ಹತ್ತನೆಯ ಕ್ಲಾಸಿನ ವಿಷಯ. 290, 311 ನನಗೆ ಮರೆತೇ ಹೋಗಿತ್ತು. ನೀನು ಬರೆದದ್ದು ಓದಿದ ಮೇಲೆ ಎರಡು ದಿನ ನಿನ್ನ ಕಾಗದವನ್ನು ಮುಟ್ಟಲಿಲ್ಲ. ಆ ದಿನ ನೀನು ಪುಸ್ತಕ ಕೊಟ್ಟಿದ್ದರೆ ಎಂದು ಲೆಕ್ಕ ಹಾಕಿದೆ. ನಾನು ಆಗಲೇ ಮನೆಗೆ ಬರುತ್ತಿದ್ದೆ, ಆಗಲೇ ಗೊತ್ತಾಗುತ್ತಿತ್ತು. ಇದನ್ನು ನಾನು ಬಿಡುವುದಿಲ್ಲ ಹ್ಯಾಝೆಲ್. ಆಪರೇಷನ್ ಆದರೂ ಬಿಡುವುದಿಲ್ಲ. ನೂರು ವರ್ಷ ಬದುಕಿದರೆ ನೂರು ವರ್ಷ ಜಗಳ ಮಾಡುತ್ತೇನೆ. ನೀನು ಪುಸ್ತಕ ಹಿಡಿದುಕೊಂಡೆ, ನಾನು ಎಳೆದುಕೊಳ್ಳಲಿಲ್ಲ. ಎರಡೂ ಉಂಟು.

ಉಮ್ಮನ ಕವರನ್ನು ಹರಿದೆ. ನೀನು ಹೇಳಿಕೊಡುವುದು ಬೇಡ. ನಾನೇ ಹೇಳಿದೆ. ಉಮ್ಮ ಮೀನು ಕೊಯ್ಯುತ್ತಿದ್ದಳು. "ನೀನು ಕೈ ಹಿಡಿದರೆ ನನಗೆ ಕಳ್ಳಿಯ ಹಾಗೆ ಆಗುತ್ತದೆ" ಎಂದೆ. ಅವಳು ಕೈ ತೊಳೆಯಲೂ ಇಲ್ಲ, ಸೆರಗಿಗೆ ಒರಸಿಕೊಂಡು ಹೋಗಿ ಕಪಾಟು ತೆಗೆದು ಮೀಟರ್ ತಂದು ನನ್ನ ಮಡಿಲಿಗೆ ಹಾಕಿದಳು. "ನನಗೆ ಹೇಗಾಯಿತು ಎಂದು ನೀನು ಕೇಳಿದ್ದೀಯಾ?" ಎಂದಳು. ನಾನು ಕೇಳಿರಲಿಲ್ಲ. ಕೇಳದಿರುವುದು ನಿನ್ನೊಬ್ಬಳ ರೋಗ ಅಲ್ಲ.

ಸೋಮವಾರ ಬೆಳಿಗ್ಗೆ ಕೇಕಿನ ಮೊದಲು ಚುಚ್ಚಿದೆ. 161. ಒಂದು ತುಂಡು ತಿಂದೆ. ಎರಡು ಗಂಟೆ ಬಿಟ್ಟು ಮತ್ತೆ ಚುಚ್ಚಿದೆ. ಮೀಟರ್ ಐದರಿಂದ ಒಂದಕ್ಕೆ ಎಣಿಸುತ್ತ ಇಳಿಯುವಾಗ, ನಿನ್ನ ದರಿದ್ರ ಅಭ್ಯಾಸ, ಮನಸ್ಸಿನಲ್ಲಿ 138 ಎಂದುಕೊಂಡೆ. ಬಂದದ್ದು 214. ಇನ್ಸುಲಿನ್ ಕಡಿಮೆ ಹಾಕಿಕೊಂಡಿದ್ದೆ, ಕೇಕಿನ ತಪ್ಪಲ್ಲ.

ಪೆನ್ನು ಹಿಡಿದೆ. ಸುಳ್ಳು ಹೇಳುವುದಿಲ್ಲ, ಕೈ ತಾನಾಗಿಯೇ 138ರ ಒಂದರಿಂದ ಶುರು ಮಾಡಿತು. ಮೊದಲ ಪುಟದಲ್ಲಿಯೇ ಒಂದು ಗೀಟು ಎಳೆದು ಹೊಡೆದು ಹಾಕಿದ್ದು ಉಂಟು, ಡಾಕ್ಟರ್ ಕೇಳಿದರೆ ಹೇಳುತ್ತೇನೆ. ಅದರ ಪಕ್ಕದಲ್ಲಿ 214 ಬರೆದೆ. ನನ್ನ ಅಕ್ಷರ ನಿನ್ನಷ್ಟು ನೀಟಾಗಿಲ್ಲ.

ಆಗ ಉಮ್ಮ ಅಡುಗೆಮನೆಯಿಂದ ಕೇಳಿದಳು, "ಎಷ್ಟು ಬಂತು ಮಗಳೇ?"

ಹೇಳಿದೆ.

"ಹೂಂ" ಎಂದಳು. ಒಲೆ ಬಿಟ್ಟು ಎದ್ದು ಬರಲಿಲ್ಲ.

ಕೋಪ ಹಾಗೆಯೇ ಇರುವ,
ಹಿಬಾ
(ಬೆಡ್ ನಂಬರ್ 15)

ಇಲ್ಲಿಯವರೆಗೆ ಐದು ದಿನ: 161, 214, 190, 243, 177, 96, 205, 188, 152, 231, 169, 220, 183, 174, 259, 147, 166, 198, 141, 212. ಒಂದೂ ನಿನ್ನದಲ್ಲ.